ಲಗ್ನಪತ್ರಿಕೆಯಲ್ಲಿ ಅತ್ತೆ ಬಿಟ್ಟ ಖಾಲಿ ಜಾಗ

ನಮ್ಮ ಅತ್ತೆಯನ್ನು ಊಟಕ್ಕೆ ಕರೆಯುವವರು ಮೊದಲು ಗೋಡೆಯ ಮೇಲಿನ ಕ್ಯಾಲೆಂಡರನ್ನು ತೆಗೆದಿಟ್ಟು, ಆಮೇಲೆ ಕರೆಯುವುದು ಒಳ್ಳೆಯದು. ಇಲ್ಲದಿದ್ದರೆ ಅನ್ನ ಆರುತ್ತದೆ, ಸಾರು ಆರುತ್ತದೆ, ಅತ್ತೆ ಮಾತ್ರ ಸೊಂಟದ ಮೇಲೆ ಕೈಯಿಟ್ಟು ಕ್ಯಾಲೆಂಡರಿನ ಮುಂದೆಯೇ ನಿಂತಿರುತ್ತಾರೆ. "ದೇವರ ತಲಿ ಮ್ಯಾಲ ಸಿಮೆಂಟಿನ ಜಾಹೀರಾತು, ಪಾದದಾಗ ಫೋನ್ ನಂಬರು. ಆ ಶಿವ ಉಸುರಾಡೋದು ಎಲ್ಲಿಂದವ್ವಾ?" ಎಂದು ಕೇಳುತ್ತಾರೆ. ಉಣ್ಣಲು ಕೂತವರು ಇದಕ್ಕೆ ಏನು ಉತ್ತರ ಕೊಡಬೇಕು, ನೀವೇ ಹೇಳಿ?

ಅತ್ತೆ ಎಂದರೆ ನನ್ನ ಗಂಡನ ತಾಯಿಯಲ್ಲ, ಅಪ್ಪನ ತಂಗಿ. ಕುರುಗೋಡಿನಲ್ಲಿ ಮಾವನ ಜೊತೆ ಇದ್ದಾರೆ. ಅರವತ್ತು ಹತ್ತಿರ ಬಂದಾಗ ಉಳಿದವರು ಮಂಡಿನೋವಿಗೆ ಎಣ್ಣೆ ಹುಡುಕಿದರೆ, ಇವರು ಬಳ್ಳಾರಿಯಲ್ಲಿ ಗ್ರಾಫಿಕ್ ಡಿಸೈನ್ ಕಲಿಸುವ ಕ್ಲಾಸು ಹುಡುಕಿದರು. ಜೀನ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ಕ್ಲಾಸು. ಜೊತೆಗೆ ಕಲಿಯುವವರೆಲ್ಲ ಮೊನ್ನೆ ಮೊನ್ನೆ ಪಿಯುಸಿ ಮುಗಿಸಿದ ಮಕ್ಕಳು, ಮೇಷ್ಟ್ರು ಅವರಿಗಿಂತ ಸ್ವಲ್ಪ ದೊಡ್ಡವನು. ಅವನು ಒಳಗೆ ಕಾಲಿಟ್ಟ ಕೂಡಲೇ ಅತ್ತೆ ಎದ್ದು ನಿಂತು "ನಮಸ್ಕಾರ್ರೀ ಸರ" ಎನ್ನುವರು. ಅತ್ತೆ ನಿಂತ ಮೇಲೆ ಮಕ್ಕಳು ಕೂತಿರಲಾದೀತೇ? ಕಡೆಗೊಂದು ದಿನ ಅವನು ಕೈಮುಗಿದು, "ಅಮ್ಮಾ, ನೀವು ಕುಂದರ್ರಿ. ಇಲ್ಲಾಂದ್ರ ನಾನು ಪಾಠ ಬಿಟ್ಟು ದಿನಾ ನಿಮ್ಮ ಕಾಲಿಗಿ ಬೀಳಬೇಕಾಗ್ತೈತಿ" ಎಂದನಂತೆ.

ಈ ಹುಚ್ಚಿಗೆ ಕಾರಣ ಇತ್ತು. ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಅಚ್ಚಾಗಿ ಬಂದ ಮೊದಲ ಲಗ್ನಪತ್ರಿಕೆಗೆ ಅರಿಶಿನ ಕುಂಕುಮ ಹಚ್ಚಿ, ದೇವರ ಮುಂದಿಟ್ಟು, ಹಿರಿಯರು ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಬೇಕು. ಆಮೇಲೆಯೇ ಹಂಚುವುದು. ಅಪ್ಪ ತೀರಿಕೊಂಡ ಮೇಲೆ ಆ ಕೆಲಸ ಮಾವನದು. ಅವರ ಕಂಠವೋ, ಓಣಿಯ ತುದಿಯವರೆಗೂ ಕೇಳುತ್ತದೆ. ಆದರೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಿ ಎಂದರು ಡಾಕ್ಟರು. ಮಾವ ಇದನ್ನು ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ಪೇಪರು ಹಿಡಿದು ಕಟ್ಟೆಯ ಮೇಲೆ ಕೂರುವುದನ್ನೂ ಬಿಡಲಿಲ್ಲ.

ಹೋದ ವರ್ಷ ಸಿರಿಗೇರಿಯಲ್ಲಿರುವ ನಮ್ಮ ಅಣ್ಣನ ಮಗನ ಮದುವೆ. ಪತ್ರಿಕೆಯದು ಕೆಂಪು ಹಾಳೆ, ಅದರ ಮೇಲೆ ಬಂಗಾರದ ಬಣ್ಣದಲ್ಲಿ ಬಳ್ಳಿ ಬಳ್ಳಿಯಾದ ಅಕ್ಷರ. ಕಣ್ಣು ನೆಟ್ಟಗಿದ್ದ ನಮಗೇ ಓದಲು ಬರದು. ಮಾವ ಅದನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಕಡೆಗೆ ನೆನಪಿನಿಂದಲೇ ಶುರು ಹಚ್ಚಿಕೊಂಡರು. ಎಲ್ಲ ಲಗ್ನಪತ್ರಿಕೆಗಳೂ ಒಂದೇ ಅಲ್ಲವೇ? ನಡೆದೇ ಹೋಗುತ್ತಿತ್ತು. ಮದುವೆಯ ಜಾಗಕ್ಕೆ ಬಂದಾಗ ಮಾತ್ರ ಹಿಂದಿನ ಯಾವುದೋ ಮದುವೆಯ ಸಿರುಗುಪ್ಪದ ಕಲ್ಯಾಣಮಂಟಪ ಬಾಯಿಗೆ ಬಂತು. ಈ ಮದುವೆ ಇದ್ದದ್ದು ಬಳ್ಳಾರಿಯಲ್ಲಿ. ಅಷ್ಟು ಕೇಳಿಸಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಎದ್ದುಹೋಗಿದ್ದ ಮೋಕ ಊರಿನ ಬೀಗರೊಬ್ಬರು ಮದುವೆಯ ದಿನ ನೇರ ಸಿರುಗುಪ್ಪಕ್ಕೇ ಹೋಗಿ, ಯಾರದೋ ಮದುವೆಯಲ್ಲಿ ಅಕ್ಷತೆ ಹಾಕಿ, ಹೋಳಿಗೆ ಉಂಡು ಬಂದರು. ಇವತ್ತಿಗೂ ಆ ಊಟವನ್ನು ಬಾಯಿತುಂಬ ಹೊಗಳುತ್ತಾರೆ!

ಆದರೆ ಮಾವ ತಪ್ಪು ಓದಿದ ಆ ಹೊತ್ತಿನಲ್ಲಿ ಎಲ್ಲರೂ ನಕ್ಕರು. "ಕೊಡ್ರಿ ಮಾವಾ, ನಾ ಓದ್ತೀನಿ" ಎಂದು ಅಣ್ಣ ಅವರ ಕೈಯಿಂದ ಪತ್ರಿಕೆ ತೆಗೆದುಕೊಂಡ. ಮಾವನೂ ನಕ್ಕರು. ನಕ್ಕು, ಚಪ್ಪಲಿ ತಡಕಿ ಹಾಕಿಕೊಂಡು ಹೊರಗೆ ಹೋದರು. ಮರುದಿನದಿಂದ ಪೇಪರು ಹಿಡಿಯುವುದನ್ನೂ ಬಿಟ್ಟರು.

ವಾರ ಕಳೆಯುವುದರೊಳಗೆ ಅತ್ತೆ ನಮ್ಮ ಮನೆಗೆ ಬಂದರು. "ನಿನ್ನ ಮಗಳ ಮದುವಿ ಪತ್ರಿಕಿ ನಾನ ಮಾಡ್ತೀನಿ. ಅದನ್ನ ನಿಮ್ಮ ಮಾವನ ಓದಬೇಕು, ನೋಡಿ ಓದಬೇಕು" ಎಂದರು.

"ಅತ್ತಿ, ಆಕಿಗಿನ್ನೂ ಗಂಡು ಗೊತ್ತಾಗಿಲ್ಲ" ಎಂದೆ.

"ನಾ ಕಲಿಯೋತನಕ ಗೊತ್ತಾಗ್ತಾನ ತಗೋ" ಎಂದರು. ಹಾಗೆಯೇ ಆಯಿತೆನ್ನಿ.

ಕಲಿಕೆ ಸುಲಭವಿರಲಿಲ್ಲ. ಮೊದಲ ಸಲ ಅತ್ತೆ ಮಾಡಿದ ಪತ್ರಿಕೆಯಲ್ಲಿ ಗಣಪತಿ, ಬಸವಣ್ಣ, ಎರಡು ನವಿಲು, ಕಮಲ, ಬಾಳೆಕಂಬ, ಮೂಲೆಗೊಂದು ಕಳಸ ಎಲ್ಲ ಬಂದಿದ್ದವು. ಮೇಷ್ಟ್ರು ಬಹಳ ಹೊತ್ತು ನೋಡಿ, "ಎಲ್ಲಾ ಚಲೋ ಐತ್ರೀ ಅಮ್ಮಾ. ಇದ್ರಾಗ ಮದುವಿ ಎಲ್ಲೈತಿ?" ಎಂದನಂತೆ. ಅತ್ತೆ ಬಸ್ಸಿನಲ್ಲಿ ಕುರುಗೋಡಿನವರೆಗೂ ಹುಡುಕಿದರಂತೆ. ಮದುವೆ ಸಿಗಲಿಲ್ಲ.

ಅಲ್ಲಿಂದ ಶುರುವಾಯಿತು ನಮ್ಮ ಗ್ರಹಚಾರ. ಯಾವುದು ಮೊದಲು ಕಣ್ಣಿಗೆ ಬೀಳಬೇಕು, ಯಾವ ಬಣ್ಣದ ಮೇಲೆ ಯಾವುದು ಎದ್ದು ಕಾಣುತ್ತದೆ, ಎಲ್ಲಿ ಖಾಲಿ ಬಿಡಬೇಕು ಎಂದು ಕಂಡಕಂಡವರಿಗೆ ಪಾಠ. ಬಳ್ಳಾರಿಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನಲು ಹೋದಾಗ ಅಂಗಡಿಯವನಿಗೆ, "ಬಿಳಿ ಬೋರ್ಡಿನ ಮ್ಯಾಲ ಹಳದಿ ಅಕ್ಷರ ಬರಸೀದಿ, ಯಾರಿಗಿ ಕಾಣಬೇಕಪ್ಪಾ?" ಎಂದರು. ಅವನು ಬಾಣಲೆಯಿಂದ ತಲೆ ಎತ್ತದೆ, "ಬೋರ್ಡು ಓದಿ ಯಾರೂ ಬರಂಗಿಲ್ಲಮ್ಮಾ, ವಾಸನಿ ಹಿಡದು ಬರ್ತಾರ" ಎಂದ. ಅತ್ತೆಗೆ ಆ ಉತ್ತರ ಎಷ್ಟು ಹಿಡಿಸಿತೆಂದರೆ ಇನ್ನೊಂದು ಪ್ಲೇಟ್ ಹೇಳಿದರು.

ನಿಮಗೆ ಸ್ಫೂರ್ತಿ ಕೊಡುವುದನ್ನು ಹುಡುಕಿಕೊಂಡು ಬನ್ನಿ ಎಂದು ಮೇಷ್ಟ್ರು ಹೇಳಿದಾಗ ಮಕ್ಕಳು ಕೂತಲ್ಲೇ ಫೋನು ತಿಕ್ಕಿದರು. ಅತ್ತೆ ಸಿರುಗುಪ್ಪದ ಬಸ್ಸು ಹತ್ತಿದರು. ಕರೂರಿನ ಹತ್ತಿರ ಇಳಿದು, ಭತ್ತ ನಾಟಿ ಮಾಡುತ್ತಿದ್ದ ಹೆಂಗಸರ ಮುಂದೆ ಬದುವಿನ ಮೇಲೆ ನಿಂತು, "ಏನ್ ಅಲೈನ್‌ಮೆಂಟ್ ಐತವ್ವಾ ನಿಮ್ದು" ಎಂದರಂತೆ. ಒಬ್ಬಾಕೆ ಬಗ್ಗಿದಲ್ಲಿಂದಲೇ, "ಅದಲ್ಲಮ್ಮಾ, ಇದು ಸೋನಾಮಸೂರಿ" ಎಂದಳಂತೆ.

ನಿಜವಾದ ಸ್ಫೂರ್ತಿ ಸಿಕ್ಕಿದ್ದು ಮನೆಯ ಹತ್ತಿರವೇ. ಒಂದು ದಿನ ಕುರುಗೋಡಿನ ಬಸ್ ನಿಲ್ದಾಣದಲ್ಲಿ ಇಬ್ಬರೂ ಕೂತಿದ್ದಾಗ ಮಾವ, "ಏಳು, ಬಳ್ಳಾರಿ ಬಸ್ ಬಂತು" ಎಂದರು. ಹಾರ್ನಿನಿಂದ ಗುರುತು ಹಿಡಿದಿರಾ ಎಂದು ಅತ್ತೆ ಕೇಳಿದರೆ, "ಬೋರ್ಡು ಕಾಣತೈತಲ್ಲ" ಎಂದರು. ಅತ್ತೆ ಬಸ್ಸು ಹತ್ತಲಿಲ್ಲ. ಬಿಳಿಯ ಬೋರ್ಡು, ದಪ್ಪ ಕಪ್ಪು ಅಕ್ಷರ, ಸುತ್ತ ಏನೂ ಇಲ್ಲ. ಸಂಜೆಯವರೆಗೆ ಬಂದ ಬಂದ ಬಸ್ಸಿನ ಮುಂದೆ ನಿಂತು ಫೋಟೋ ಹೊಡೆದರು. ಒಬ್ಬ ಡ್ರೈವರು ಗಾಬರಿಯಾಗಿ ಇಳಿದು ಬಂದು, "ಯಾಕ್ರೀ ಅಮ್ಮಾ, ನಾ ಏನ್ ತಪ್ಪು ಮಾಡೀನಿ?" ಎಂದು ಕೇಳಿದನಂತೆ. "ನೀ ಏನೂ ಮಾಡಿಲ್ಲಪ್ಪಾ, ನಿನ್ನ ಬೋರ್ಡು ಭಾಳ ಚಲೋ ಐತಿ" ಎಂದರಂತೆ ಅತ್ತೆ.

ಮಗಳಿಗೆ ಗಂಡು ಗೊತ್ತಾಯಿತು, ಪತ್ರಿಕೆಯ ಮಾತು ಬಂತು. ಸಿರಿಗೇರಿಯಿಂದ ಅಣ್ಣ ಇಳಿದ. ಮದುಮಗಳ ಸೋದರಮಾವ ಅವನು. ನಮ್ಮ ಕಡೆ ಸುಖಾಗಮನ ಬಯಸುವವರ ಹೆಸರುಗಳು ಪತ್ರಿಕೆಯ ಅರ್ಧ ತುಂಬದಿದ್ದರೆ ಅದು ಮದುವೆಯೇ ಅಲ್ಲ. ಅತ್ತೆಯ ಪತ್ರಿಕೆಯಲ್ಲಿ ಒಂದು ಹೆಸರೂ ಇರುವುದಿಲ್ಲ ಎಂದು ತಿಳಿದದ್ದೇ ತಡ, ಅವನ ಮುಖ ಕೆಂಪಾಯಿತು.

"ಸೋದರಮಾವನ ಹೆಸರಿಲ್ಲದ ಪತ್ರಿಕಿ ಯಾವ ಊರಾಗ ಐತಿ ಅತ್ತಿ?"

"ನಿನ್ನ ಹೆಸರು ಮಂಟಪದ ಬಾಗಿಲಾಗ ಫ್ಲೆಕ್ಸ್ ಮಾಡಿ ಹಾಕ್ತೀನಿ, ಫೋಟೋ ಸಮೇತ. ಪತ್ರಿಕ್ಯಾಗ ಮಾತ್ರ ಕೇಳಬ್ಯಾಡ."

"ಹಂಗಾರ ನಾ ಮದುವಿಗೇ ಬರಂಗಿಲ್ಲ."

ಸೋದರಮಾವನಿಲ್ಲದೆ ಮದುಮಗಳನ್ನು ಮಂಟಪಕ್ಕೆ ಕರೆತರುವವರು ಯಾರು? ನಾಲ್ಕೇ ಹೆಸರು ಹಾಕಿ ಅತ್ತೆ, ಸಣ್ಣ ಅಕ್ಷರದಲ್ಲಿ, ಎಂದು ಗೋಗರೆದೆ. "ಒಂದು ಬಿಟ್ರ ಊರೆಲ್ಲಾ ಬರ್ತೈತಿ. ಅವರಿಗಿ ಮತ್ತ ಕಾಣಂಗಿಲ್ಲ" ಎಂದರು. ದನಿ ಜೋರಿರಲಿಲ್ಲ, ಆದರೆ ಕಣ್ಣು ತುಂಬಿತ್ತು.

ಪತ್ರಿಕೆ ಅಚ್ಚಾಗಿ ಬಂದ ದಿನ ನಮ್ಮ ಮನೆಯ ಪಡಸಾಲೆ ತುಂಬಿತ್ತು. ಅಣ್ಣನೂ ಬಂದಿದ್ದ. ಕೂರಲು ಹೇಳಿದರೂ ಕೂರದೆ ಬಾಗಿಲಿಗೆ ಒರಗಿ ನಿಂತಿದ್ದ. ಪತ್ರಿಕೆಯ ಬಿಳಿ ಹಾಳೆಯ ಮೇಲೆ ವಿಭೂತಿಯ ಮೂರು ಗೆರೆ, ಕೆಳಗೆ ದಪ್ಪ ಕಪ್ಪು ಅಕ್ಷರದಲ್ಲಿ ಹುಡುಗಿ, ಹುಡುಗ, ದಿನ, ಜಾಗ. ಅಷ್ಟೇ. ಉಳಿದದ್ದೆಲ್ಲ ಖಾಲಿ.

ದೇವರ ಮುಂದಿನಿಂದ ಎತ್ತಿ ಅತ್ತೆ ಅದನ್ನು ಮಾವನ ಕೈಗೆ ಕೊಟ್ಟರು. ಮಾವ ತೆಗೆದುಕೊಳ್ಳಲು ತಡ ಮಾಡಿದರು. ಒಮ್ಮೆ ನಮ್ಮೆಲ್ಲರ ಕಡೆ ನೋಡಿದರು. ಆಮೇಲೆ ಹಾಳೆಯನ್ನು ಹಿಡಿದರು. ಹತ್ತಿರ ಒಯ್ಯಲಿಲ್ಲ, ದೂರ ಒಯ್ಯಲಿಲ್ಲ. ಮಗಳ ಹೆಸರು ಓದಿದರು. ಅಳಿಯನ ಹೆಸರು ಓದಿದರು. ದಿನ ಓದಿದರು. ಜಾಗಕ್ಕೆ ಬಂದಾಗ ನಿಂತರು.

"ಮೋಕದವರು ಅದೀರೇನು? ಕೇಳ್ರಿ, ಈ ಸಲ ಬಳ್ಳಾರಿ" ಎಂದರು. ಮನೆಯೆಲ್ಲ ನಕ್ಕಿತು. ಈ ಸಲ ಮಾವ ಹೊರಗೆ ಹೋಗಲಿಲ್ಲ.

ಬೆರಳಿನಿಂದ ಹಾಳೆಯ ಕೆಳಭಾಗವನ್ನು ಸವರಿ, "ಇಷ್ಟು ಜಾಗ ಯಾಕ ಖಾಲಿ ಬಿಟ್ಟೀದಿ?" ಎಂದು ಅತ್ತೆಯನ್ನು ಕೇಳಿದರು. ಈ ಪ್ರಶ್ನೆಗೆ ಅತ್ತೆ ಮಿರ್ಚಿ ಅಂಗಡಿಯವನಿಂದ ಹಿಡಿದು ನಮ್ಮ ಪುರೋಹಿತರವರೆಗೆ ತಾಸುಗಟ್ಟಲೆ ಪಾಠ ಹೇಳಿದವರು. ಈಗ ಸೆರಗು ಬಾಯಿಗಿಟ್ಟುಕೊಂಡು, "ನಿಮಗಂತನ ಬಿಟ್ಟೀನ್ರಿ" ಎಂದರು.

ಬಾಗಿಲಿನಲ್ಲಿದ್ದ ಅಣ್ಣ ಒಳಗೆ ಬಂದ. ಮಾವ ತಾವಾಗಿಯೇ ಪತ್ರಿಕೆಯನ್ನು ಅವನ ಕಡೆ ಚಾಚಿದರು. ಅಣ್ಣ ಅದನ್ನು ಮುಟ್ಟಲಿಲ್ಲ. ಅವರ ಪಕ್ಕದಲ್ಲಿ ನೆಲದ ಮೇಲೆ ಕೂತು, "ಬ್ಯಾಡ್ರಿ ಮಾವಾ. ನೀವ ಇನ್ನೊಮ್ಮಿ ಓದ್ರಿ" ಎಂದ.

ಮಾವ ಮತ್ತೆ ಮೇಲಿನಿಂದ ಶುರು ಮಾಡಿದರು.