ಪಾಠ ಸಮಾನತೆದು, ಡಬ್ಬಿ ಮನಿದು

ಸಮಾಜ ವಿಜ್ಞಾನ ಕಲಿಸೋರ ಹಣೆಬಾರಾನ ಹಿಂಗ ನೋಡ್ರಿ, ಸಮಾನತೆ ಪಾಠ ತಗದ ವಾರಾನ ಏನರ ಒಂದ ಆಗಿಬಿಡ್ತೈತಿ. ಮುಧೋಳದಿಂದ ಬಸ್ ಹತ್ತಿ ನಾ ಹೋಗೂ ಹಳ್ಳಿ ಸಾಲಿಗೆ ಈ ವರ್ಷ ಬಿಸಿಯೂಟದ ಅಡಗಿಗೆ ದಲಿತ ಕೇರಿಯಾಕಿ ಒಬ್ಬಾಕಿ ಬಂದ್ಲು. ಗಂಡ ಸತ್ತಾಕಿ, ಎರಡ ಹೆಣ್ಮಕ್ಳು, ಈ ಕೆಲಸಾನ ಗತಿ. ಮರುದಿನದಿಂದ ಅರ್ಧ ಸಾಲಿ ಮನಿ ಡಬ್ಬಿ ತರಾಕ ಹತ್ತಿತು.

೧

"ಅಸ್ಪೃಶ್ಯತೆ ಅಪರಾಧ" ಅಂತ ಒಂದೂ ತಪ್ಪಿಲ್ಲದಂಗ ಬರದ ಹುಡುಗಿಗೆ ಹತ್ತಕ್ಕ ಹತ್ತು ಕೊಟ್ಟೆ. ಮಧ್ಯಾಹ್ನ ನೋಡಿದ್ರ ಆಕಿ ಕೈಯಾಗೂ ಡಬ್ಬಿ!

"ಯಾಕವಾ, ಮುಂಜಾನಿ ಏನ ಬರದಿ?"

"ಅದು ಪರೀಕ್ಷಾಕ್ರಿ ಅಕ್ಕೋರ. ಇದು ಅವ್ವ ಕಟ್ಟಿದ್ದು."

ಸಿಟ್ಟ ನೆತ್ತಿಗೇರಿತು. ಆದ್ರ ಕೊಟ್ಟ ಅಂಕ ಹೆಂಗ ಕಸಗೊಳ್ಳಲಿ?

೨

ಪಾಲಕರ ಸಭಾ ಕರದ್ವಿ. ಊರ ಹಿರಿಯರೊಬ್ರು ಎದ್ದ ನಿಂತ್ರು. "ನಮ್ಮೂರಾಗ ಭೇದಭಾವ ಅನ್ನೂದ ಇಲ್ರಿ. ಆಕಿ ಮ್ಯಾಲ ನಮಗ ಭಾಳ ಅಂತಃಕರಣ ಐತಿ. ಕೆಲಸದಿಂದ ತಗೀಬ್ಯಾಡ್ರಿ ಮತ್ತ! ಅಡಗಿ ಬಿಡಿಸಿ ಸಾಲಿ ಪಾಯಖಾನಿ ತೊಳಿಯಾಕ ಹಚ್ರಿ, ಯಾರೂ ತಕರಾರ ಮಾಡೂದಿಲ್ಲ."

ಎಲ್ಲಾರೂ ಚಪ್ಪಾಳಿ ಹೊಡದ್ರು.

೩

ಸುದ್ದಿ ಮ್ಯಾಲ ಹೋಗಿ ಸಾಹೇಬ್ರೊಬ್ರು ಜೀಪಿನ್ಯಾಗ ಬಂದ್ರು. "ನಾನೂ ಇಲ್ಲೇ ಉಣ್ತೇನಿ, ಅಂಜಿಕಿ ಹೋಗ್ಲಿ" ಅಂತ ಮಕ್ಕಳ ನಡುವ ಕುಂತ್ರು. ತಾಟ ಹಿಡದು ಫೋಟೊ ತಗಸಿಕೊಂಡ್ರು. ಫೋಟೊ ಆಗೂದ ತಡ, "ಅಯ್ಯ, ಇವತ್ತ ನಂದು ಉಪವಾಸ!" ಅಂತ ತಾಟ ಸರಿಸಿದ್ರು.

"ಯಾವ ದೇವರದ್ರಿ?" ಅಂದೆ.

ಸಾಹೇಬ್ರು ಕರ್ಚೀಫಿನಿಂದ ಮಾರಿ ಒರಸಿಕೊಂಡು, "ಮನ್ಯಾಗ ಕೇಳಿ ಹೇಳ್ತೇನಿ" ಅಂದ್ರು.

೪

ತಿಂಗಳ ಮುಗಿಯೂದ್ರಾಗ ಆಕಿನ್ನ ಬಿಡಿಸಿದ್ರು. ಕಾರಣ, "ಅಡುಗೆಯಲ್ಲಿ ರುಚಿ ಇಲ್ಲ." ಮಕ್ಕಳಿಗೆ ನೀಡೂಕಿಂತ ಮೊದಲ ಸಾಲಿಯವರು ರುಚಿ ನೋಡಿ ವಹಿಯಾಗ ಬರೀಬೇಕಂತ ನಿಯಮ ಐತಿ, ಅದನ್ನ ಬರಿಯಾಕಿ ನಾನ. ಆಕಿ ಕಡೀ ದಿವಸದ ಪಾತೇಲಿ ತಿಕ್ಕಾಕತ್ತಿದ್ಲು. ವಹಿ ತಗೊಂಡ ಓಡಿದೆ.

"ಏಳವಾ, ಆಫೀಸಿಗೆ ಹೋಗೂನು! ದಿನಾ 'ರುಚಿಯಾಗಿದೆ, ಉಪ್ಪು ಸರಿಯಾಗಿದೆ' ಅಂತ ನಾ ಬರದೇನಿ. ಬೇಕಾದವರ ಮುಂದ ಸಾಕ್ಷಿ ಹೇಳ್ತೇನಿ!"

ಆಕಿ ಕೈ ತೊಳಕೊಂಡು ಸೆರಗಿಗೆ ಒರಸಿಕೊಂಡ್ಲು. ನಕ್ಕಳು.

"ಬ್ಯಾಡ್ರಿ ಅಕ್ಕೋರ. ನಿಮ್ಮೊಳಗ ಯಾರರ ಬಾಯಾಗ ಇಟ್ಕೋತಾರೇನು ನೋಡೂನು ಅಂತ, ಹೋದ ವಾರ ಮೂರ ದಿವಸ ನಾ ಸಾರಿಗೆ ಉಪ್ಪ ಹಾಕಿದ್ದಿಲ್ಲ."