ಸುಧಾಕರನ ಗುಟ್ಟಿನ ಉಪಕಾರ

"ಆರನೇ ಕ್ಲಾಸಿನ್ ಪಾಠ ಅಂದ್ರೆ ಎಂತ ಮಹಾ? ಇನ್ ಮೇಲೆ ಚಂದನಂಗೆ ಟ್ಯೂಷನ್ ಬೇಡ. ಎಲ್ಲಾ ನಾನೇ ಹೇಳಿಕೊಡ್ತೆ!"

ಕಡಲತಡಿಯ ಕೋಡಿ ಊರಿನ ಸುಧಾಕರ ಹೀಗೆ ಘೋಷಿಸಿದ್ದು ಜೂನ್ ತಿಂಗಳಲ್ಲಿ. ಮಳೆಗಾಲ, ಬೋಟುಗಳಿಗೆಲ್ಲ ರಜೆ. ಬೋಟಿಗೆ ರಜೆಯಾದರೆ ಸುಧಾಕರನ ಮೀನಿನ ಟೆಂಪೋಗೂ ರಜೆ. ಟೆಂಪೋಗೆ ರಜೆಯಾದರೆ ಅವನ ಬಾಯಿಗೆ ಮಾತ್ರ ಡಬಲ್ ಡ್ಯೂಟಿ! ಹೆಂಡತಿ ಜಲಜ ಕಾಯಿ ತುರಿಯುವುದನ್ನು ನಿಲ್ಲಿಸಿ ಗಂಡನ ಮುಖ ನೋಡಿದಳು.

"ನಿಮ್ಗೆ ಪುರ್ಸೊತ್ ಆದ್ರೆ ನಂಗೆ ಹೆದ್ರಿಕೆ ಆತ್ತ್ ಮಾರಾಯ್ರೆ."

"ಹೆದ್ರುದ್ ಎಂತಕ್ಕೆ? ಕಾನ್ವೆಂಟ್ ಶಾಲೆ ಅಂದ್ ಮಾತ್ರಕ್ಕೆ ಎರಡಕ್ಕೆ ಎರಡ್ ಕೂಡ್ಸ್ರೆ ಐದ್ ಆತ್ತಾ?"

ಮಗಳು ಚಂದನಾ ಕುಂದಾಪುರದ ಕಾನ್ವೆಂಟ್ ಶಾಲೆಯಲ್ಲಿ ಆರನೇ ಕ್ಲಾಸು. ಅಪ್ಪನ ಮೇಲೆ ಅವಳಿಗೆ ಎಲ್ಲಿಲ್ಲದ ಭಕ್ತಿ. ಎಲ್ಲ ತಾಪತ್ರಯಕ್ಕೂ ಅದೇ ಮೂಲ ಅನ್ನಿ.

ಮೊದಲು ಗಣಿತ. ಪಾಠ: ಅನುಪಾತ. "ಪುಸ್ತಕದಾಗೆ ಎಂತ ಇತ್ತ್? ಅಡುಗೆಮನೆಗೆ ಬಾ!" ಎಂದು ಗುರುವರ್ಯರು ಕಾಯಿಗೂ ಮೆಣಸಿಗೂ ಇರಬೇಕಾದ ಅನುಪಾತವನ್ನು ಒಣಸಿಗಡಿ ಚಟ್ನಿಯಲ್ಲೇ ಪ್ರಯೋಗಿಸಿ ತೋರಿಸಿದರು. ತೋರಿಸುವ ಭರದಲ್ಲಿ ಅನುಪಾತ ತಲೆಕೆಳಗಾಯಿತು. ಅಂದು ಮನೆಯಲ್ಲಿ ಒಂದು ತುತ್ತಿಗೆ ಮೂರು ಲೋಟ ನೀರು ಖರ್ಚು. ಆ ಅನುಪಾತವನ್ನು ಚಂದನಾ ಇನ್ನೂ ಮರೆತಿಲ್ಲ. ಜಲಜ ಗಣಿತವನ್ನು ಕಿತ್ತುಕೊಂಡಳು.

ಆಮೇಲೆ ವಿಜ್ಞಾನ. ಮಿಶ್ರಣಗಳನ್ನು ಬೇರ್ಪಡಿಸುವುದು ಹೇಗೆ? ಬೇರ್ಪಡಿಸಬೇಕಾದರೆ ಮೊದಲು ಬೆರೆಸಬೇಕಲ್ಲ! ಡಬ್ಬದ ರವೆ, ಡಬ್ಬದ ಸಕ್ಕರೆ, ಡಬ್ಬದ ಉಪ್ಪು ಒಂದೇ ಬೋಗುಣಿಗೆ ಬಿದ್ದವು. ಬೆರೆಸುವ ಭಾಗ ಅದ್ಭುತವಾಗಿ ನೆರವೇರಿತು. ನೀರು ಹಾಕಿ ಸೋಸಿದಾಗ ರವೆಯೇನೋ ಮೇಲೆ ನಿಂತಿತು. ಉಪ್ಪು ಸಕ್ಕರೆಗಳು ಮಾತ್ರ ಹೊಸ ದಂಪತಿಗಳ ಹಾಗೆ ಒಂದನ್ನೊಂದು ಬಿಡಲೇ ಇಲ್ಲ. ವಿಜ್ಞಾನವೂ ಹೋಯಿತು.

ಸಮಾಜ ಪಾಠದ್ದು ಇನ್ನೂ ದೊಡ್ಡ ಅವಮಾನ. "ನಿಮ್ಮ ಊರಿನ ನಕ್ಷೆ ಬರೆಯಿರಿ" ಎಂದಿದ್ದರು. ಕೋಡಿಯಲ್ಲಿ ಹುಟ್ಟಿ, ಕೋಡಿಯ ಉಪ್ಪುಗಾಳಿಯಲ್ಲೇ ಮೀಸೆ ಬೆಳೆಸಿದ ಸುಧಾಕರ ದಿಕ್ಕು ಹಾಕುವಾಗ ಕಾಗದವನ್ನು ತಿರುಗಿಸಿ ಹಿಡಿದಿದ್ದ. ನಕ್ಷೆಯಲ್ಲಿ ಅರಬ್ಬೀ ಸಮುದ್ರ ಪೂರ್ವಕ್ಕೆ ಬಂತು! ಟೀಚರು ನಕ್ಕರಂತೆ. ಜಲಜ ನಗಲಿಲ್ಲ.

ಕೊನೆಗೆ ಅವನ ಪಾಲಿಗೆ ಉಳಿದದ್ದು ಮೌಲ್ಯ ಶಿಕ್ಷಣ ಒಂದೇ. ಆ ಶಾಲೆಯಲ್ಲಿ ಕ್ರೈಸ್ತ ಮಕ್ಕಳು ಧರ್ಮೋಪದೇಶಕ್ಕೆ ಹೋದಾಗ ಉಳಿದ ಮಕ್ಕಳಿಗೆ ಸಿಸ್ಟರ್ ಲಿಡ್ವಿನ್ ಈ ಪಾಠ ಮಾಡುತ್ತಾರೆ. ಸತ್ಯ, ದಯೆ, ಉಪಕಾರ, ಹೀಗೆ.

"ಅದೊಂದ್ ನೀವೇ ಇಟ್ಕಣಿ," ಎಂದಳು ಜಲಜ. "ಅದ್ರಾಗೆ ಹಾಳ್ ಮಾಡುಕೆ ಎಂತದೂ ಇಲ್ಲೆ."

ಪಾಪ, ಮದುವೆಯಾಗಿ ಇಷ್ಟು ವರ್ಷವಾದರೂ ಅವಳಿಗೆ ಗಂಡನ ಸಾಮರ್ಥ್ಯದ ಪೂರ್ತಿ ಅಂದಾಜು ಸಿಕ್ಕಿರಲಿಲ್ಲ!

ಆ ವಾರ ಸಿಸ್ಟರ್ ಕೊಟ್ಟ ಕೆಲಸ ಇದು: ನೆರೆಮನೆಯವರಿಗೆ ಒಂದು ಉಪಕಾರ ಮಾಡಬೇಕು. ಮಾಡಿದವರು ಯಾರೆಂದು ಅವರಿಗೆ ಗೊತ್ತಾಗಬಾರದು. ಗೊತ್ತಾದರೆ ಮಾರ್ಕಿಲ್ಲ. ಸೋಮವಾರ ಎದ್ದು ನಿಂತು ಕ್ಲಾಸಿಗೆ ಹೇಳಬೇಕು.

"ಅಪ್ಪಾ, ಇದ್ರಾಗಾದ್ರೂ ಫುಲ್ ಮಾರ್ಕ್ ಬರ್ಕ್," ಎಂದಳು ಚಂದನಾ. ಆ 'ಆದ್ರೂ' ಸುಧಾಕರನ ಎದೆಗೆ ನಾಟಿತು. ಮಗಳ ಎದುರು ಹೋದ ಮಾನ ಮರಳಿ ಪಡೆಯಲು ಇದೊಂದೇ ದಾರಿ.

"ಬತ್ತ್ ಮಗಾ, ಬರ್ದೇ ಎಲ್ಲಿಗ್ ಹೋತ್ತ್!"

ಯಾರಿಗೆ ಉಪಕಾರ ಎನ್ನುವುದಕ್ಕೆ ದೂರ ಹೋಗಬೇಕಿರಲಿಲ್ಲ. ಪಕ್ಕದ ಮನೆಯ ಭೋಜಣ್ಣನ ಹೆಂಡತಿ ರತ್ನಕ್ಕ ಎರಡು ದಿನದಿಂದ ಅಲವತ್ತುಕೊಳ್ಳುತ್ತಿದ್ದಳು: "ಈ ಸಲ ಒಳ್ಳೆ ಲಿಂಬೆಹಣ್ಣೇ ಸಿಕ್ಲಿಲ್ಲೆ ಕಾಣಿ. ಮಳಿಗಾಲದಾಗೆ ಉಪ್ಪಿನಕಾಯಿ ಇಲ್ದೆ ಗಂಜಿ ಉಂಬುದ್ ಹ್ಯಾಂಗೆ?"

ಸುಧಾಕರ ಸುಮ್ಮನಿರುವ ಆಸಾಮಿಯೇ? ಅಮಾಸೆಬೈಲಿನ ದೋಸ್ತ ತಿಮ್ಮನಿಗೆ ಫೋನು ಮಾಡಿ ಬಸ್ಸಿನಲ್ಲಿ ಲಿಂಬೆಹಣ್ಣು ತರಿಸಿದ. ಬರೀ ಹಣ್ಣು ಕೊಟ್ಟರೆ ಅರ್ಧ ಉಪಕಾರ. ಆದ್ದರಿಂದ ಉಪ್ಪಿನಕಾಯಿಗೆ ಬೇಕಾದ ಒಣಮೆಣಸು, ಸಾಸಿವೆ, ಕಲ್ಲುಪ್ಪನ್ನೂ ಸೇರಿಸಿದ. ಉಡುಗೊರೆ ಅಂದಮೇಲೆ ಒಂದು ಗೆಟಪ್ ಬೇಡವೇ? ಕಪಾಟಿನಲ್ಲಿದ್ದ ಹೊಸ ಕೆಂಪು ಬಟ್ಟೆಯಲ್ಲಿ ಎಲ್ಲವನ್ನೂ ಗಂಟು ಕಟ್ಟಿ, ಬಲೆಯ ಕಪ್ಪು ದಾರ ಸುತ್ತಿದ. ಶನಿವಾರ ಮಧ್ಯಾಹ್ನ ಊಟ ಮಾಡಿ ಊರೆಲ್ಲ ಅಡ್ಡಾಗಿದ್ದಾಗ ಚಂದನಾ ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಅದನ್ನು ರತ್ನಕ್ಕನ ಹೊಸ್ತಿಲ ಮೇಲೆ ನಟ್ಟನಡುವೆ ಇಟ್ಟು ಬಂದಳು.

ಕೆಂಪು ಬಟ್ಟೆ, ಕಪ್ಪು ದಾರ. ಒಳಗೆ ಲಿಂಬೆಹಣ್ಣು, ಒಣಮೆಣಸು, ಸಾಸಿವೆ, ಕಲ್ಲುಪ್ಪು. ಮೇಲಿಂದ ಅವತ್ತು ಶನಿವಾರ ಅಮಾವಾಸ್ಯೆ! ನಿಮಗೀಗ ಏನು ಹೊಳೆಯಿತೋ, ಬಾಗಿಲು ತೆಗೆದ ರತ್ನಕ್ಕನಿಗೂ ಅದೇ ಹೊಳೆಯಿತು.

"ಅಯ್ಯಯ್ಯೋ! ಮಾಟ! ಯಾರೋ ನಮ್ಗೆ ಮಾಟ ಮಾಡಿದ್ರೋ!"

ಆ ಕೂಗಿಗೆ ಕೇರಿಗೆ ಕೇರಿಯೇ ಎದ್ದು ಕೂತಿತು. ಭೋಜಣ್ಣ ಲುಂಗಿ ಕಟ್ಟಿಕೊಳ್ಳುತ್ತ ಓಡಿಬಂದ. ಗಂಟನ್ನು ಮುಟ್ಟುವ ಧೈರ್ಯ ಒಬ್ಬನಿಗೂ ಇಲ್ಲ. ಕಾಯಿ ಕೊಯ್ಯುವ ಉದ್ದ ದೋಟಿಯಿಂದ ಬಿಚ್ಚಿದರು. ಲಿಂಬೆಹಣ್ಣೊಂದು ಉರುಳಿದ್ದೇ ತಡ, ಜನ ಅಂಗಳದ ಆಚೆಗೆ ಹಾರಿದರು.

ಸುಧಾಕರ ಗಂಟಲು ಸರಿಮಾಡಿಕೊಂಡು ಮುಂದೆ ಬಂದ. "ಹ್ವಾಯ್, ಸ್ವಲ್ಪ ತಡೀನಿ. ಪಾಪ, ಯಾರೋ ಒಳ್ಳೆಯವ್ರ್ ಉಪ್ಪಿನಕಾಯಿ ಹಾಕುಕೆ ಅಂತ ಇಟ್ಟದ್ದಾಯ್ಕ್."

ರತ್ನಕ್ಕ ಅಳುತ್ತಿದ್ದವಳು ಗಕ್ಕನೆ ನಿಲ್ಲಿಸಿದಳು. "ಉಪ್ಪಿನಕಾಯಿಗೆ ಆದ್ರೆ ಇಂಗ್ ಎಲ್ಲಿತ್ತ್?"

ಸುಧಾಕರ ಪಿಳಿಪಿಳಿ ಕಣ್ಣು ಬಿಟ್ಟ. ಹೌದಲ್ಲ! ಇಂಗು ಮರೆತೇ ಹೋಗಿತ್ತು. ಇಂಗಿಲ್ಲದೆಯೇ ಇಂಗು ತಿಂದ ಮಂಗನಂತಾದ ಮೊದಲ ಮನುಷ್ಯ ಅವನೇ ಇರಬೇಕು.

ಅಷ್ಟರಲ್ಲಿ ಭೋಜಣ್ಣನ ಕಣ್ಣು ಆಚೆಮನೆಯ ಚಂದಯ್ಯನ ಮೇಲೆ ಬಿತ್ತು. ಪಾಗಾರದ ಗೋಡೆಯ ಜಗಳದಲ್ಲಿ ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು.

"ಪಾಗಾರದ್ ಸಿಟ್ಟ್ ಹೀಂಗೆ ತೀರ್ಸ್ಕಂಡ್ಯಾ ಚಂದಯ್ಯಾ?"

"ನಿಂಗೆ ಮಾಟ ಬೇರೆ ಮಾಡ್ಕಾ? ಬೆಳಿಗ್ಗೆ ಎದ್ದ್ ಕನ್ನಡಿ ಕಂಡ್ಕೊ, ಸಾಕ್!"

"ನಾಳೆ ದೈವದ ಎದ್ರ್ ಹೇಳ್ಕಣ್ತೆ! ಇದನ್ನ್ ಇಟ್ಟ ಕೈ ಒಣ್ಗಿ ಹೋಯ್ಲಿ!"

ಜನ ಹೌಹಾರಿದರು. ಈ ಕಡೆ ಬಯ್ಗುಳಕ್ಕೆ ಯಾರೂ ಹೆದರುವುದಿಲ್ಲ. ದೈವದ ಎದುರು ಹೇಳುತ್ತೇನೆ ಅಂದರೆ ಮಾತ್ರ ಗಟ್ಟಿ ಎದೆಯವನೂ ತಣ್ಣಗಾಗುತ್ತಾನೆ. ಸುಧಾಕರನ ಅಂಗಿಯ ತುದಿಯನ್ನು ಯಾರೋ ಜಗ್ಗಿದರು. ಚಂದನಾ! ಬಲಗೈಯನ್ನು ಲಂಗದೊಳಗೆ ಬಚ್ಚಿಟ್ಟುಕೊಂಡು, ಮುಖ ಬಿಳಿಚಿಕೊಂಡು ನಿಂತಿದ್ದಳು.

"ಅಪ್ಪಾ... ಇಟ್ಟದ್ದ್ ನಾನ್ ಅಲ್ದಾ?"

ಮಾರ್ಕು, ಮಾನ, ಗುಟ್ಟು ಎಲ್ಲ ಸಮುದ್ರಕ್ಕೆ ಬೀಳಲಿ! ಸುಧಾಕರ ಮಗಳನ್ನು ಹಿಂದಕ್ಕೆ ಸರಿಸಿ, ಎದೆಯುಬ್ಬಿಸಿ ನಿಂತ.

"ಭೋಜಣ್ಣಾ, ಹೇಳುದಾದ್ರೆ ನನ್ ಹೆಸ್ರ್ ಹೇಳಿ. ಕಟ್ಟಿದ್ದ್ ನಾನ್, ಇಡ್ಸಿದ್ದ್ ನಾನ್. ಶಾಲೆಯಾಗೆ ಗುಟ್ಟಾಗ್ ಉಪಕಾರ ಮಾಡುಕೆ ಹೇಳಿದ್ರ್. ದೇವ್ರಾಣೆ, ಅದ್ ಉಪ್ಪಿನಕಾಯಿಗೇ!"

ಭೋಜಣ್ಣ ಹತ್ತಿರ ಬಂದು ಅವನ ಹೆಗಲು ತಟ್ಟಿದ. "ಜಗಳ ಬಿಡ್ಸುಕೆ ಹೀಂಗೆ ಸುಳ್ಳ್ ಹೇಳುದ್ ಬೇಡ ಸುಧಾಕರಾ. ನೀನ್ ದೊಡ್ಡ ಮನುಷ್ಯ."

ಜೀವಮಾನದಲ್ಲಿ ಮೊದಲ ಸಲ ಸುಧಾಕರ ಸತ್ಯವನ್ನು ಇಷ್ಟು ನೇರವಾಗಿ ಹೇಳಿದ್ದ. ಒಬ್ಬ ನರಪಿಳ್ಳೆಯೂ ನಂಬಲಿಲ್ಲ! ಅಷ್ಟರಲ್ಲಿ ಜನರ ಹಿಂದೆ ನಿಂತು ಎಲ್ಲ ಕೇಳುತ್ತಿದ್ದ ಜಲಜ ಮುಂದೆ ಬಂದಳು. ದೋಟಿಯ ತುದಿಯಲ್ಲಿ ತೂಗುತ್ತಿದ್ದ ಕೆಂಪು ಬಟ್ಟೆಯನ್ನು ಕಂಡದ್ದೇ ಅವಳ ಕಣ್ಣೂ ಕೆಂಪಾಯಿತು.

"ಇದ್ ನನ್ ರವಿಕೆ ಬಟ್ಟೆ! ತಂಗಿ ಮದ್ವಿಗೆ ಹೊಲ್ಸುಕೆ ಇಟ್ಟದ್ದ್! ರತ್ನಕ್ಕಾ, ಹೆದ್ರ್‌ಬೇಡಿ. ಇದ್ ಇವ್ರದ್ದೇ ಕೆಲ್ಸ. ಇಂಗ್ ಹಾಕುಕೆ ಮರ್ತದ್ದ್ ಇತ್ತಲ್ದಾ, ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?"

ಈ ಸಾಕ್ಷಿಯನ್ನು ಎಲ್ಲರೂ ತಕ್ಷಣ ಒಪ್ಪಿದರು. ಆಮೇಲೆ ನಡೆದದ್ದು ಕೋಡಿಯ ಇತಿಹಾಸದಲ್ಲೇ ಅಪೂರ್ವ! ಭೋಜಣ್ಣ ಸುಧಾಕರನನ್ನು ಬಯ್ಯಲು ಶುರುಮಾಡಿದ. ಅವನು ಉಸಿರು ತೆಗೆದುಕೊಳ್ಳಲು ನಿಂತಾಗ ಚಂದಯ್ಯ ಮುಂದುವರಿಸಿದ. ಒಬ್ಬನಿಗೆ ಹೊಳೆಯದ ಬಯ್ಗುಳವನ್ನು ಇನ್ನೊಬ್ಬ ಹೇಳಿಕೊಟ್ಟ. ಬೈದು ಬೈದು ಬಾಯಿ ಒಣಗಿ, ಇಬ್ಬರೂ ರತ್ನಕ್ಕನ ಜಗಲಿಯಲ್ಲಿ ಒಟ್ಟಿಗೇ ಕೂತು ಚಾ ಕುಡಿದರು. ಸುಧಾಕರನಿಗೆ ಚಾ ಕೊಡಲಿಲ್ಲ.

ಭಾನುವಾರವಿಡೀ ಜಲಜ ಮಾತಾಡಲಿಲ್ಲ. ಗಂಜಿಯ ತಟ್ಟೆ ಇಡುವ ಸದ್ದಿನಲ್ಲೇ ಹೇಳಬೇಕಾದ್ದನ್ನೆಲ್ಲ ಹೇಳಿದಳು. ಸೋಮವಾರ ಸಂಜೆ ಸುಧಾಕರ ಬಸ್‌ಸ್ಟಾಪಿನವರೆಗೆ ಕೊಡೆ ಹಿಡಿದು ಹೋಗಿ ಕಾದ. ಮಗಳ ಮುಖ ಹೇಗಿರುತ್ತದೋ ಎಂದು ಅವನಿಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಚಂದನಾ ಬಸ್ಸಿನಿಂದ ಹಾರಿಯೇ ಇಳಿದಳು. "ಅಪ್ಪಾ, ಎಲ್ಲಾ ಇದ್ದಾಂಗೇ ಹೇಳ್ದೆ! ಸಿಸ್ಟರಿಗೆ ನಗಾಡಿ ನಗಾಡಿ ಕಣ್ಣಾಗೆ ನೀರ್ ಬಂತ್. ಗುಟ್ಟ್ ಗೊತ್ತಾಯ್ತಲ್ದಾ, ಹಂಗಾಗಿ ಉಪಕಾರಕ್ಕೆ ಸೊನ್ನೆ. ಆದ್ರೆ ಸತ್ಯ ಹೇಳಿದ್ದಕ್ಕೂ, ಜಗಳ ಆಡಿದವ್ರ್ ಒಂದಾದದ್ದಕ್ಕೂ ಫುಲ್ ಮಾರ್ಕ್ ಕೊಟ್ರ್!"

ಸುಧಾಕರ ಮೀಸೆಯ ಮೇಲೆ ಕೈ ಹಾಕಿದ. ಮಳೆ ಲೆಕ್ಕಿಸದೆ ಮನೆಗೆ ಧಾವಿಸಿ, ಅಡುಗೆಮನೆಯ ಬಾಗಿಲಲ್ಲಿ ನಿಂತು ಗರ್ಜಿಸಿದ: "ಕೇಂಡ್ಯಾ ಜಲಜಾ? ಫುಲ್ ಮಾರ್ಕ್! ಇನ್ನ್ ಮೌಲ್ಯ ಶಿಕ್ಷಣ ನನ್ ಕೈಂದ ತೆಗಿಯುಕೆ ಯಾರಿಂದ್ಲೂ ಆತಿಲ್ಲೆ! ಮುಂದಿನ್ ಪಾಠ ಎಂತ ಮಗಾ?"

"ಕ್ಷಮೆ," ಎಂದಳು ಚಂದನಾ. "ಮನೆಯಾಗೆ ಯಾರಾದ್ರೂ ಒಬ್ರ್ ಇನ್ನೊಬ್ರನ್ನ ಮನಸಾರೆ ಕ್ಷಮಿಸ್ಕ್ ಅಂದ್ರ್ ಸಿಸ್ಟರ್. ಅದನ್ನ ಕಂಡ್ ಬಂದ್ ಕ್ಲಾಸಿಗೆ ಹೇಳ್ಕ್ ಅಂದ್ರ್."

ಅಪ್ಪ ಮಗಳು ಇಬ್ಬರೂ ಆಸೆಯಿಂದ ಜಲಜಳ ಕಡೆ ನೋಡಿದರು. ಎರಡು ದಿನದ ಮೌನ ಮುರಿದು ಜಲಜ ಬಾಯಿಬಿಟ್ಟಳು:

"ಆ ಪಾಠ ಏಳನೇ ಕ್ಲಾಸಿಗೆ ಇಟ್ಕಂಬುಕೆ ಹೇಳ್ ಸಿಸ್ಟರಿಗೆ. ಈ ವರ್ಷ ನಂಗ್ ಆತಿಲ್ಲೆ."