ಕಾಯಿಸಿ ಬಾಗಿಸಿ

ಅಣ್ಣ ತೀರಿಕೊಂಡ ಸಂಗತಿ ತಮ್ಮನಿಗೆ ತಿಳಿದದ್ದು ಬೈಗುಳದಿಂದ. ಅಂದರೆ, ಬೈಗುಳ ಕೇಳಿಸದೆ ಇದ್ದುದರಿಂದ. ಮೂವತ್ತೊಂದು ವರ್ಷ ಪ್ರತಿದಿನ ಬೆಳಗ್ಗೆ ಏಳಕ್ಕೆ ಅವನು ಅಣ್ಣನ ಮನೆಯ ಹಿಂದಿನ ಕೆಲಸದ ಕೋಣೆಗೆ ಬರುತ್ತಿದ್ದ. ಚಿಲಕ ಮುಟ್ಟುವ ಮೊದಲೇ ಒಳಗಿನಿಂದ "ಈಗ ಬೆಳಗಾಯ್ತೇನೋ ನಿಂಗೆ?" ಎಂಬ ಮಾತು ತೂರಿಬರುತ್ತಿತ್ತು. ಆ ದಿನ ಬರಲಿಲ್ಲ. ತಮ್ಮ ಚಿಲಕದ ಮೇಲೆ ಕೈಯಿಟ್ಟು ಸ್ವಲ್ಪ ಕಾದ. ಕೆಮ್ಮಿದ. ಗೋಡೆಗೆ ಒರಗಿಸಿದ್ದ ಒಂದು ಹಲಗೆಯನ್ನು ಬೇಕೆಂದೇ ಕೆಡವಿದ. ಆಗಲೂ ಯಾರೂ ಬೈಯದಾಗ ಚಿಲಕ ತೆಗೆದು ಒಳಗೆ ಓಡಿದ.

ಅಣ್ಣ ಮಲಗಿದಲ್ಲೇ ಉಸಿರು ನಿಲ್ಲಿಸಿದ್ದ. ಎಪ್ಪತ್ತು ದಾಟಿದ ಜೀವ. ಯಾರಿಂದಲೂ ಒಂದು ಲೋಟ ನೀರು ಕೇಳದೆ ಹೊರಟುಹೋಗಿತ್ತು. ದೇವರು ತನಗೆ ಬೇಕಾದವರಿಗೆ ಮಾತ್ರ ಇಂಥ ಸಾವು ಕೊಡುತ್ತಾನೆ ಎಂದು ಬಂದವರೆಲ್ಲ ಹೇಳಿದರು. ತಮ್ಮನಿಗೆ ಮಾತ್ರ, ಹೋಗುವ ಮುಂಚೆ ಒಂದು ಸಲ ಬೈದಾದರೂ ಹೋಗಬಾರದಿತ್ತೆ ಎನಿಸಿತು.

ಹತ್ತು ಗಂಟೆಯ ಹೊತ್ತಿಗೆ ಅತ್ತಿಗೆ ಅವನನ್ನು ಪಕ್ಕಕ್ಕೆ ಕರೆದಳು. 

"ಅವರು ಕೊನೇಲಿ ಮಾಡ್ತಿದ್ದ ಬಿಲ್ಲು ಒಳಗಿದೆಯಲ್ಲ, ಅದನ್ನ ಅವರ ಎದೆ ಮೇಲಿಟ್ಟು ಕಳಿಸ್ಬೇಕು ಅಂತ ನಂಗೆ ಆಸೆ. ನಾಲ್ಕು ಗಂಟೆಗೆ ಎತ್ತುತ್ತಾರಂತೆ. ಅಷ್ಟರಲ್ಲಿ ನೋಡೋ ಹಾಗೆ ಮಾಡಿಕೊಡ್ತೀರಾ?"

ತಮ್ಮ ತಲೆಯಾಡಿಸಿದ. ಆಡಿಸಿದ ಮೇಲೆ ಭಯವಾಯಿತು.

ಅಣ್ಣ ಮಾಡುತ್ತಿದ್ದುದು ಒಂದೇ ಮರದ ಬಿಲ್ಲು. ಅಂಟಿಲ್ಲ, ಜೋಡಣೆಯಿಲ್ಲ, ಉದ್ದನೆಯ ಒಂದು ಸೀಳನ್ನು ಕೆತ್ತಿ, ಹೆರೆದು, ಎರಡು ತೋಳೂ ಸಮನಾಗಿ ಬಾಗುವಂತೆ ಮಾಡುವುದು. ಮರವೆಂದ ಮೇಲೆ ಅದಕ್ಕೆ ಹುಟ್ಟಿನ ಸೊಟ್ಟು ಇರುತ್ತದೆ. ಒಂದು ತೋಳು ಪಕ್ಕಕ್ಕೆ ವಾಲಿದರೆ ಹೆದೆ ಹಿಡಿಯ ನಡುವೆ ಬಾರದೆ ಸರಿದು ನಿಲ್ಲುತ್ತದೆ. ಬಾಣ ಗುರಿಯನ್ನು ಬಿಟ್ಟು ನೆರೆಮನೆಯ ಕಿಟಕಿಯನ್ನು ವಿಚಾರಿಸಿಕೊಳ್ಳುತ್ತದೆ. ಆಗ ಅಲ್ಲಿಗೆ ಎಣ್ಣೆ ಸವರಿ, ಕೆಂಡದಿಂದ ಒಂದು ಗೇಣು ಮೇಲೆ ಹಿಡಿದು, ಮರ ಒಳಗಿನವರೆಗೂ ಕಾದಾಗ ಬಾಗಿಸಿ, ಅಲ್ಲಾಡದಂತೆ ಕ್ಲಾಂಪು ಬಿಗಿದು, ಪೂರ್ತಿ ಆರುವ ತನಕ ಬಿಡಬೇಕು. ಕಡಿಮೆ ಕಾದರೆ ಸೀಳುತ್ತದೆ. ಹೆಚ್ಚು ಕಾದರೆ ಸೌದೆ.

ಈ ಕೆಲಸವನ್ನು ಅಣ್ಣ ತಮ್ಮನಿಗೆ ಎಂದೂ ಬಿಟ್ಟಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷವೇ ತಮ್ಮ ಒಂದು ಬಿಲ್ಲನ್ನು ಎರಡು ತುಂಡು ಇದ್ದಿಲು ಮಾಡಿದ್ದ. "ಕೆಂಡಕ್ಕೂ ನಿಂಗೂ ಆಗಿಬರಲ್ಲ ಕಣೋ. ನೀನು ಉಜ್ಜು," ಎಂದಿದ್ದ ಅಣ್ಣ. ಮೂವತ್ತು ವರ್ಷ ತಮ್ಮ ಉಪ್ಪುಕಾಗದ ಹಿಡಿದು ಮರ ಉಜ್ಜಿದ. ಬೀದಿಯವರು ಬೆನ್ನ ಹಿಂದೆ ಅವನನ್ನು 'ಉಪ್ಪುಕಾಗದ' ಎನ್ನುತ್ತಿದ್ದರು. ಎದುರಿಗೆ ಎಲ್ಲರೂ 'ನೀವು' ಎನ್ನುತ್ತಿದ್ದರು, ಅತ್ತಿಗೆಯೂ ಕೂಡ. ಅಣ್ಣನೊಬ್ಬನಿಗೆ ಮಾತ್ರ ಅವನು ಐವತ್ತೆಂಟನೆಯ ವಯಸ್ಸಿನಲ್ಲೂ 'ಲೋ'.

ಬಿಲ್ಲು ಮೇಜಿನ ಮೇಲೆ ಮಲಗಿತ್ತು. ಮುಗಿದ ತೋಳಿಗೆ ಧೂಳು ತಾಗಬಾರದೆಂದು ಅಣ್ಣ ಮೇಲಿನ ತೋಳಿಗೆ ಹಳೆಯ ಬಟ್ಟೆ ಸುತ್ತಿದ್ದ. ಕೆಳಗಿನ ತೋಳು ಬರಿದಾಗಿತ್ತು, ಮಾತುಬಿಟ್ಟ ನೆಂಟನಂತೆ ಎಡಕ್ಕೆ ಮುಖ ತಿರುಗಿಸಿತ್ತು. ಅದರ ಮೇಲೆ ಪೆನ್ಸಿಲಿನ ಬರಹ. ಚೀಟಿಗಳು ಹೆರೆದ ಸಿಪ್ಪೆಯಲ್ಲಿ ಕಳೆದುಹೋಗುತ್ತವೆಂದು ಅಣ್ಣ ಹೇಳಬೇಕಾದುದನ್ನು ಮರದ ಮೇಲೇ ಬರೆದಿಡುತ್ತಿದ್ದ. ಚುಕ್ಕೆಯಾಗಲಿ ಗೆರೆಯಾಗಲಿ ಹಾಕುವ ಅಭ್ಯಾಸ ಅವನಿಗಿರಲಿಲ್ಲ.

'ಕೆಳತೋಳು ಎಡಕ್ಕೆ ಕಾಯಿಸಿ ಬಾಗಿಸಿ'

ತಮ್ಮ ಮೂರು ಸಲ ಓದಿದ. ಕಾಯಿಸು ಅಲ್ಲ, ಕಾಯಿಸಿ. ಬಾಗಿಸು ಅಲ್ಲ, ಬಾಗಿಸಿ. ಈ ಕೋಣೆಗೆ ಬರುತ್ತಿದ್ದವರು ಇಬ್ಬರೇ. ಅಣ್ಣ ತನಗೆ ತಾನೇ ಗೌರವ ಕೊಟ್ಟು ಬರೆದುಕೊಳ್ಳುವವನಲ್ಲ. ಅಂದಮೇಲೆ ಈ ಮಾತು ತನಗೇ. ಕೆಂಡದ ಕೆಲಸವನ್ನು ತನಗೆ ಒಪ್ಪಿಸಿದ್ದಾನೆ. ಬರೀ ಒಪ್ಪಿಸಿಲ್ಲ, ಮರ್ಯಾದೆ ಕೊಟ್ಟು ಒಪ್ಪಿಸಿದ್ದಾನೆ. ತಮ್ಮನಿಗೆ ಆವರೆಗೆ ಬಾರದಿದ್ದ ಅಳು ಆಗ ಬಂತು.

ಅಳುತ್ತಿದ್ದವನನ್ನು ಸಮಾಧಾನ ಮಾಡಲು ಎದುರುಮನೆಯ ವ್ಯಾಕರಣದ ಮೇಷ್ಟ್ರು ಬಂದರು. ಕೆಲಸದಿಂದ ನಿವೃತ್ತರಾಗಿ ಹತ್ತು ವರ್ಷವಾಗಿದ್ದರೂ ತಿದ್ದುವ ಚಪಲ ನಿವೃತ್ತವಾಗಿರಲಿಲ್ಲ. ಅವರು ಕನ್ನಡಕ ಏರಿಸಿ ಬರಹವನ್ನು ಪರೀಕ್ಷಿಸಿದರು.

"ಎರಡು ವಾಕ್ಯ. 'ಕೆಳತೋಳು ಎಡಕ್ಕೆ', ಅಂದ್ರೆ ಎಡಕ್ಕೆ ಹೋಗಿದೆ ಅನ್ನೋ ವರದಿ. ಆಮೇಲೆ 'ಕಾಯಿಸಿ, ಬಾಗಿಸಿ'. ವಿಧ್ಯರ್ಥ, ಗೌರವ ಬಹುವಚನ. ಸಂಶಯವೇ ಇಲ್ಲ."

"ನಂಗೇ ಬರೆದಿದ್ದು ಅಂತೀರಾ ಮೇಷ್ಟ್ರೇ?"

"ಮತ್ತೆ ನನಗೆ ಬರೀತಾರಾ?"

ಅಷ್ಟು ಸಾಕಾಯಿತು. ತಮ್ಮ ಕೆಂಡ ತರಲು ಮೂಲೆಯ ಇಸ್ತ್ರಿ ಅಂಗಡಿಗೆ ಹೋದ. ಇಸ್ತ್ರಿಯಮ್ಮ ಬಾಂಡಲಿ ತುಂಬ ಕೆಂಡ ಕೊಟ್ಟಳು. ಕೊಟ್ಟವಳು ಹಿಂದೆಯೇ ಬಂದಳು. ಸಾವಿನ ಮನೆಗೆ ಬರಿಗೈಯಲ್ಲಿ ಬರಬಾರದೆಂದು ಕ್ಷೌರದಂಗಡಿಯವನು ತನ್ನ ಕೂದಲು ಒಣಗಿಸುವ ಯಂತ್ರವನ್ನು ಹಿಡಿದುಕೊಂಡು ಬಂದ.

"ಕೆಂಡ ಎಲ್ಲಾ ಹಳೇ ಕಾಲದ್ದು. ಇದ್ರಲ್ಲಿ ಎರಡು ನಿಮಿಷ ಗಾಳಿ ಬಿಟ್ರೆ ಎಂಥ ಗುಂಗುರು ಕೂದಲೂ ನೆಟ್ಟಗಾಗುತ್ತೆ," ಎಂದ ಅವನು.

"ಇದು ಕೂದಲಲ್ಲಪ್ಪ, ಮರ," ಎಂದಳು ಇಸ್ತ್ರಿಯಮ್ಮ. "ಮೊದಲು ನೀರು ಚಿಮುಕಿಸ್ಬೇಕು. ಒಣಬಟ್ಟೆ ಮೇಲೆ ಯಾರಾದ್ರೂ ಪೆಟ್ಟಿಗೆ ಇಡ್ತಾರಾ?"

"ನೀರಲ್ಲ, ಎಣ್ಣೆ," ಎಂದ ತಮ್ಮ. ಅಣ್ಣನ ಬೆನ್ನ ಹಿಂದೆ ನಿಂತು ಮೂವತ್ತು ವರ್ಷ ನೋಡಿದ್ದು ಅಷ್ಟಾದರೂ ನೆನಪಿತ್ತು.

ಎಣ್ಣೆ ಎಷ್ಟು ಎಂಬುದು ನೆನಪಿರಲಿಲ್ಲ. ಧಾರಾಳವಾಗಿಯೇ ಸವರಿದ. ಬಿಲ್ಲು ಕೆಂಡದ ಮೇಲೆ ಬಂದ ಕೂಡಲೇ ತೊಟ್ಟಿಕ್ಕಿದ ಎಣ್ಣೆ ಭುಗ್ಗೆಂದು ಹತ್ತಿ ಕ್ಷೌರದವನ ಎಡಮೀಸೆಯನ್ನು ನೆಕ್ಕಿಹೋಯಿತು. ಊರಿನ ಮೀಸೆಗಳನ್ನೆಲ್ಲ ಸಮ ಮಾಡಿದವನು ಈಗ ಅರ್ಧ ಮೀಸೆಯ ಮನುಷ್ಯನಾದ. ಹಿಂದೆಯೇ ಹೊಗೆ ಎದ್ದಿತು. ಅದು ಕಿಟಕಿಯ ಕಡೆ ನೋಡಲೇ ಇಲ್ಲ. ನಡುಬಾಗಿಲಿನಿಂದ ನೇರವಾಗಿ ಅಣ್ಣನನ್ನು ಮಲಗಿಸಿದ್ದ ಮುಂದಿನ ಕೋಣೆಗೆ ಹೋಯಿತು.

ಅಲ್ಲಿ ಹದಿನೈದಿಪ್ಪತ್ತು ಜನ ಕೂತಿದ್ದರು. ಅಣ್ಣ ಬದುಕಿದ್ದಾಗ ಅವನ ಬಾಯಿಗೆ ಹೆದರಿ ದೂರವಿದ್ದವರು. ಮರ್ಯಾದೆಗೆ ಬಂದು ಕೂತಿದ್ದರೇ ಹೊರತು ಕಣ್ಣಲ್ಲಿ ನೀರಿರಲಿಲ್ಲ. ಹೊಗೆ ಒಳಗೆ ಬಂದದ್ದೇ ತಡ, ಒಬ್ಬೊಬ್ಬರಾಗಿ ಎಲ್ಲರ ಕಣ್ಣೂ ಸುರಿಯತೊಡಗಿದವು. ಅದೇ ಹೊತ್ತಿಗೆ ದೂರದ ಊರಿನಿಂದ ಬಂದಿಳಿದ ಅತ್ತಿಗೆಯ ತಂಗಿ ಬಾಗಿಲಲ್ಲೇ ನಿಂತುಬಿಟ್ಟಳು.

"ಭಾವನ್ನ ಕಂಡ್ರೆ ಜನಕ್ಕೆ ಇಷ್ಟೊಂದು ಪ್ರೀತಿ ಇತ್ತು ಅಂತ ನಂಗೆ ಗೊತ್ತೇ ಇರಲಿಲ್ಲ ಅಕ್ಕ," ಎಂದು ಅವಳೂ ಅತ್ತಳು.

ಇತ್ತ ಮರ ಕಾದಿತ್ತು. ಕೈಗೆ ಮೆತ್ತಗೆ ಸಿಕ್ಕಿತು. ಕ್ಲಾಂಪಿನ ಹಿಡಿ ಎಣ್ಣೆಗೈಗೆ ಜಾರಿ ತಿರುಗದಾಗ ತಮ್ಮ ತೋಳಿನ ಮೇಲೊಂದು ಹಲಗೆ ಹಾಕಿ, "ಮೇಷ್ಟ್ರೇ, ಇದರ ಮೇಲೆ ಕೂತ್ಕೊಳ್ಳಿ," ಎಂದ. ಮೇಷ್ಟ್ರು ಹಲಗೆಯ ಮೇಲೆ ಕೂತರು. ತೋಳು ಕಿರುಗುಟ್ಟಿತು. ಇಸ್ತ್ರಿಯಮ್ಮ ಕಣ್ಣು ಮುಚ್ಚಿಕೊಂಡಳು. ಸೀಳಲಿಲ್ಲ, ನಿಧಾನವಾಗಿ, ಹಟ ಬಿಟ್ಟ ಮಗುವಿನಂತೆ, ತೋಳು ನಡುವಿಗೆ ಬಂತು.

"ಅಲ್ಲಾಡಬೇಡಿ. ಆರಬೇಕು."

"ಎಷ್ಟು ಹೊತ್ತು?"

"ಅಣ್ಣ ಒಂದು ದಿನ ಬಿಡ್ತಿದ್ದ."

"ಒಂದು ದಿನ ನಾನಿಲ್ಲಿ ಕೂತ್ರೆ ನನ್ನನ್ನೂ ಅವರ ಜೊತೆಗೇ ಎತ್ಕೊಂಡು ಹೋಗ್ಬೇಕಾಗುತ್ತೆ," ಎಂದರು ಮೇಷ್ಟ್ರು. ಕ್ಷೌರದವನು ತನ್ನ ಯಂತ್ರದ ತಣ್ಣನೆಯ ಗಾಳಿ ಬಿಟ್ಟು ಒಂದು ದಿನವನ್ನು ಎರಡು ಗಂಟೆಗೆ ಇಳಿಸಿದ.

ಮೇಷ್ಟ್ರು ಎದ್ದಾಗ ಬಿಲ್ಲು ನೆಟ್ಟಗಿತ್ತು. ತಮ್ಮ ಹೆದೆಯೇರಿಸಿ ನೋಡಿದ. ಹೆದೆ ಹಿಡಿಯ ನಟ್ಟನಡುವೆ ಬಂದು ನಿಂತಿತು.

"ನಿಮ್ಮಣ್ಣಾವರೇ ಎದ್ದು ಬಂದ್ರೂ ತಪ್ಪು ಹುಡುಕಕ್ಕಾಗಲ್ಲ," ಎಂದ ಕ್ಷೌರದವನು, ಉಳಿದ ಮೀಸೆಯನ್ನು ಸವರಿಕೊಳ್ಳುತ್ತ.

ತಮ್ಮನಿಗೆ ನಗು ಬಂತು. ಅಣ್ಣ ಸತ್ತ ದಿನ ತಾನು ನಗುತ್ತಿದ್ದೇನಲ್ಲ ಎಂದು ತಕ್ಷಣ ನಾಚಿಕೆಯಾಯಿತು. ಆದರೂ ಆ ಬಿಲ್ಲನ್ನು ಎರಡು ಕೈಯಲ್ಲಿ ಹಿಡಿದು ಮುಂದಿನ ಕೋಣೆಗೆ ನಡೆಯುವಾಗ ಅವನ ಬೆನ್ನು ಎಂದಿಗಿಂತ ನೇರವಾಗಿತ್ತು. ಅಣ್ಣನ ಎದೆಯ ಮೇಲೆ ಇಟ್ಟು, ಕಾಲ ಬಳಿ ಕೂತ. ಆಗ ಮೂರು ಗಂಟೆ ದಾಟಿತ್ತು.

ಮೂರೂಕಾಲಿಗೆ ಅವನಿಗೆ ಹೆದೆ ಸ್ವಲ್ಪ ಬಲಕ್ಕಿದೆ ಎನಿಸಿತು. ಹೊಗೆ ತಾಗಿದ ಕಣ್ಣು ಎಂದುಕೊಂಡ. ಮೂರೂವರೆಗೆ ಅನುಮಾನ ಉಳಿಯಲಿಲ್ಲ. ಗಡಿಯಾರದ ಗಂಟೆಮುಳ್ಳಿನ ಹಾಗೆ, ಅದು ಚಲಿಸುವುದು ಕಾಣುತ್ತಿರಲಿಲ್ಲ, ಚಲಿಸಿರುವುದು ಕಾಣುತ್ತಿತ್ತು. ಕೆಳತೋಳು ಬಲಕ್ಕೆ ಹೊರಟಿತ್ತು. ಮುಕ್ಕಾಲಿಗೆ ಬೆಳಗಿನ ಎಡಸೊಟ್ಟಿಗಿಂತ ಎರಡರಷ್ಟು ಬಲಸೊಟ್ಟಾಗಿ, ಹಿಂದಿನ ಸಾಲಿನಲ್ಲಿ ಕೂತವರಿಗೂ ಕಾಣುವಂತಾಯಿತು. ತಮ್ಮ ಎದ್ದು ಅಡ್ಡ ನಿಂತ. ಅವನ ಮೈ ಅಷ್ಟನ್ನು ಮರೆಮಾಡುವಷ್ಟು ಅಗಲವಿರಲಿಲ್ಲ.

ಅತ್ತಿಗೆ ಹತ್ತಿರ ಬಂದಳು. "ಈ ಹಳೇ ಬಟ್ಟೆ ಯಾಕೆ ಬಿಟ್ಟಿದ್ದೀರಿ? ಅವರ ಜೊತೆ ಚಿಂದಿ ಕಳಿಸೋದು ಬೇಡ," ಎಂದು ಮೇಲಿನ ತೋಳಿಗೆ ಸುತ್ತಿದ್ದುದನ್ನು ತಾನೇ ಬಿಚ್ಚಿದಳು. ಬಿಚ್ಚಿ, "ಇಲ್ಲೂ ಏನೋ ಬರೆದಿದ್ದಾರೆ. ಮೇಷ್ಟ್ರೇ, ಸ್ವಲ್ಪ ಓದಿ," ಎಂದಳು.

ಮೇಷ್ಟ್ರು ಬಗ್ಗಿ, ತರಗತಿಯ ದನಿಯಲ್ಲಿ ಎಲ್ಲರಿಗೂ ಕೇಳುವಂತೆ ಓದಿದರು.

"'ಇಟ್ಟಿದ್ದೇನೆ ಬಲಕ್ಕೆ ಎಳೆಯುವ ಮರ ಎಂಟು ದಿನದಲ್ಲಿ ತಾನೇ ನಡುವಿಗೆ ಬರುತ್ತೆ ಲೋ ನೀನು ಮುಟ್ಟಬೇಡ.'"



ಬರಹ ಕೆಳತೋಳಿನಲ್ಲಿ ಮುಗಿದಿರಲೇ ಇಲ್ಲ. ಹಿಡಿಯನ್ನು ದಾಟಿ, ಬಟ್ಟೆಯ ಕೆಳಗೆ ಹೋಗಿತ್ತು. ಕೆಳತೋಳು ಎಡಕ್ಕೆ ಕಾಯಿಸಿ ಬಾಗಿಸಿ ಇಟ್ಟಿದ್ದೇನೆ. ಅಣ್ಣ ಯಾರಿಗೂ ಏನನ್ನೂ ಒಪ್ಪಿಸಿರಲಿಲ್ಲ. ಬೇಕೆಂದೇ ಎಡಕ್ಕೆ ಹೆಚ್ಚು ಬಾಗಿಸಿ, ಕೆಲಸವನ್ನು ತಾನೇ ಮುಗಿಸಿದ್ದ. ತಮ್ಮ ಮತ್ತೆ ಕಾಯಿಸಿದ್ದರಿಂದ ಅಣ್ಣ ಕೂರಿಸಿದ ಬಾಗು ಸಡಿಲಿ, ಮರ ಬಲಕ್ಕೆ, ತನ್ನ ಹುಟ್ಟಿನ ಸೊಟ್ಟಿಗೆ ಹಿಂದಿರುಗಿತ್ತು.

"ಹಾಗಾದ್ರೆ ಅದು ವಿಧ್ಯರ್ಥ ಅಲ್ಲ," ಎಂದರು ಮೇಷ್ಟ್ರು ಮೆಲ್ಲಗೆ. "ಮುಗಿಯದ ಕ್ರಿಯೆ. ಕೃದಂತ."

ಕ್ಷೌರದವನು ಮುಖ ಗೋಡೆಗೆ ತಿರುಗಿಸಿದ, ಭುಜ ಕುಲುಕುತ್ತಿತ್ತು. ಅತ್ತಿಗೆ ಮೊದಲು ನಕ್ಕಳು, ಆ ನಗು ಅರ್ಧದಲ್ಲೇ ಅಳುವಾಯಿತು. "ಹೋದ ಮೇಲೂ ನಿಮ್ಮನ್ನ ಬಿಡಲಿಲ್ಲ ನೋಡಿ," ಎಂದಳು.

"ತೆಗೆದುಬಿಡಲಾ ಅತ್ತಿಗೆ? ಬೇರೆ ಒಳ್ಳೇ ಬಿಲ್ಲು ಇದೆ."

"ಬೇಡ. ಇದು ಅವರ ಅಕ್ಷರ. ಇರಲಿ."

ನಾಲ್ಕು ಗಂಟೆಗೆ ಎತ್ತಿದರು. "ನೀವು ಮುಂದೆ ನಡೀರಿ," ಎಂದರು ಒಬ್ಬರು. "ನೀವು ಈ ಕಡೆ ಹೆಗಲು ಕೊಡಿ," ಎಂದರು ಇನ್ನೊಬ್ಬರು. "ನಿಮಗೆ ಸುಸ್ತಾಗಿದ್ರೆ ಬಿಡಿ," ಎಂದರು ಮತ್ತೊಬ್ಬರು. ಬೀದಿಯುದ್ದಕ್ಕೂ ನೀವು, ನೀವು, ನೀವು. ಬೆಳಗ್ಗೆ ಎರಡೇ ಎರಡು ಅಕ್ಷರದ ಮರ್ಯಾದೆಗೆ ಕಣ್ಣೀರು ಹಾಕಿದ್ದವನಿಗೆ ಈಗ ಅದು ಬೇಕಾದಷ್ಟು ಸಿಕ್ಕಿತು. ಲೋಕದಲ್ಲಿ ಇನ್ನು ಅವನಿಗೆ 'ನೀನು' ಎನ್ನುವವರು ಯಾರೂ ಇರಲಿಲ್ಲ.

ಹೆಗಲ ಮೇಲಿನ ಭಾರ ಇಳಿಸಿದ ಮೇಲೆ, ಎಲ್ಲರೂ ತಲೆಬಾಗಿ ನಿಂತಾಗ, ಅವನೂ ಕಣ್ಣು ಮುಚ್ಚಿದ. ದೇವರ ಹತ್ತಿರ ಯಾರೂ ಬಹುವಚನದಲ್ಲಿ ಮಾತಾಡುವುದಿಲ್ಲ, ಅವನೂ ಆಡಲಿಲ್ಲ.

"ದೇವರೇ, ನಮ್ಮಣ್ಣ ನಿನ್ನ ಹತ್ರ ಬರ್ತಿದ್ದಾನೆ. ಎದೆ ಮೇಲಿರೋ ಬಿಲ್ಲು ಸೊಟ್ಟಗಿದೆ. ಆ ತಪ್ಪು ಅವನದಲ್ಲ, ನಂದು; ಅದನ್ನ ನೋಡಿ ಅವನನ್ನ ಅಳೀಬೇಡ. ಅವನ ಬಾಯಿ ಜೋರು, ಕೈ ಒಳ್ಳೇದು. ನಿನ್ನನ್ನೂ ಒಂದು ಮಾತು ಅಂದಾನು, ಅಂದ್ರೆ ತಾಳ್ಕೋ. ನಂಗೆ ಅವನ ಮಾತು ಅರ್ಥ ಮಾಡ್ಕೊಳ್ಳೋಕೆ ಬರಲಿಲ್ಲ, ನೀನು ಪೂರ್ತಿ ಕೇಳಿಸ್ಕೋ. ಅವನ ಆತ್ಮಕ್ಕೆ ಶಾಂತಿ ಕೊಡು, ತಂದೆ. ಶಾಂತಿ ಕೊಡು."